ಪೋಷಕರ ಸಹಿ

ಓದದೆ ಸಹಿ ಹಾಕುವವರ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಅದು ಎಲ್ಲರಿಗಿಂತ ಕೊನೆಗೆ ತಿಳಿಯುವುದು ಸಹಿ ಹಾಕಿದವನಿಗೆ.

೧

ನಾನು ದೆಹಲಿಯಲ್ಲಿ ಕೇಂದ್ರ ಸರ್ಕಾರದ ಗುಮಾಸ್ತ. ನಮ್ಮ ಬಡಾವಣೆ ಪೀತಮ್‌ಪುರಕ್ಕೆ ಮೆಟ್ರೋ ಬಂದ ಹೊಸತರಲ್ಲಿ ಮಗಳು ಒಂದನೇ ಕ್ಲಾಸು. ಶಾಲೆಯಿಂದ ಒಂದು ಡೈರಿ ಬಂತು: ಮನೆಯಲ್ಲಿ ಯಾರಾದರೂ ದಿನಾ ಹತ್ತು ನಿಮಿಷ ಮಗುವಿನ ಜೊತೆ ಕೂತು ಓದಬೇಕು, ಓದಿದ್ದಕ್ಕೆ ಸಹಿ ಹಾಕಬೇಕು.

ಆಫೀಸಿನಲ್ಲಿ ನನ್ನ ಮೇಜು ದಾಟುವ ಫೈಲಿಗೆಲ್ಲ ನಾನು 'ನೋಡಿದೆ' ಎಂದು ಬರೆದು ಸಹಿ ಹಾಕುತ್ತೇನೆ. ನೋಡಿರುತ್ತೇನೆ ಕೂಡ, ಹೊರಗಿನಿಂದ. ಅದೇ ಪದ್ಧತಿಯಂತೆ ಒಂದು ಭಾನುವಾರ ಇಡೀ ತಿಂಗಳಿಗೆ ಸಹಿ ಹಾಕಿಟ್ಟೆ.

ಟೀಚರ್ ಡೈರಿಯಲ್ಲಿ ಬರೆದರು: "ನಾಳೆ ಕೂಡ ಓದಿಸಿದ್ದೀರಿ. ಧನ್ಯವಾದ."

ಅದರ ಕೆಳಗೂ 'ನೋಡಿದೆ' ಎಂದು ಬರೆದೆ.

೨

ಓದಿಸಿಕೊಳ್ಳಲು ಮಗಳು ನನ್ನನ್ನು ಬಿಟ್ಟು ಅಜ್ಜಿಯ ಹತ್ತಿರ ಹೋದಳು. ನನ್ನ ಅಮ್ಮನಿಗೆ ಯಾವ ಭಾಷೆಯೂ ಓದಲು ಬಾರದು. ಮೊಮ್ಮಗಳಿಗೆ ಇದು ತಿಳಿಯಬಾರದೆಂದು ಅಮ್ಮನ ಆಜ್ಞೆ. ಹಾಗಾಗಿ ಅವಳು ಕನ್ನಡಕ ಹಾಕಿಕೊಂಡು, ಹಿಂದಿ ಪುಸ್ತಕ ಬಿಡಿಸಿ, ಚಿತ್ರ ನೋಡಿ, ಕನ್ನಡದಲ್ಲಿ 'ಓದಿದಳು'. ಅವಳ ನರಿ ತರಕಾರಿ ಮಾರುವ ಸಬ್ಜಿ ಭಯ್ಯಾನ ಹತ್ತಿರ ಚೌಕಾಸಿ ಮಾಡಿ, ಮೇಲೆ ಪುಕ್ಕಟೆ ಧನಿಯಾ ಸೊಪ್ಪು ಹಾಕಿಸಿಕೊಂಡು ಬರುತ್ತಿತ್ತು.

ಪುಸ್ತಕದ ನರಿ ಬರೀ ನದಿ ದಾಟಿತ್ತು. ಮಗಳು ಕ್ಲಾಸಿನಲ್ಲಿ ಅಜ್ಜಿಯ ನರಿಯನ್ನೇ ಹೇಳಿದಳು. ಟೀಚರ್ ನನ್ನನ್ನು ಕರೆಸಿದರು.

"ಪುಸ್ತಕದಲ್ಲಿ ಈ ಕಥೆ ಇಲ್ಲ," ಎಂದರು ಗಂಭೀರವಾಗಿ. ಆಮೇಲೆ ದನಿ ತಗ್ಗಿಸಿ, "ಆದರೆ ನರಿ ಮುಂದೇನು ತಗೊಂಡಿತು ಅಂತ ಮಕ್ಕಳು ಬಿಡ್ತಾ ಇಲ್ಲ. ಮನೇಲಿ ಸ್ವಲ್ಪ ಕೇಳಿ ಹೇಳ್ತೀರಾ?"

೩

ದೀಪಾವಳಿಯ ಹೊತ್ತಿಗೆ ಮಗಳು ತಾನೇ ಅಕ್ಷರ ಕೂಡಿಸಿ ಓದತೊಡಗಿದಳು. ಒಂದು ಸಂಜೆ ಪುಟದ ಮೇಲೆಲ್ಲ ಬೆರಳಾಡಿಸಿ, "ಅಜ್ಜಿ, ಇಲ್ಲಿ ಧನಿಯಾ ಎಲ್ಲೂ ಇಲ್ಲ," ಎಂದಳು.

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಬಹಳ ಹೊತ್ತು ಒರೆಸಿದಳು.

"ನಂಗೆ ಓದಕ್ಕೆ ಬರಲ್ಲ ಪುಟ್ಟಿ. ಯಾರೂ ಕಲಿಸಲಿಲ್ಲ."

ನಾನು ಪೇಪರಿನ ಹಿಂದೆ ಮುಖ ಇಟ್ಟುಕೊಂಡೆ.

"ಅಚ್ಛಾ, ಕೋಯೀ ಬಾತ್ ನಹೀಂ," ಎಂದಳು ಮಗಳು. "ನಂಗೂ ಮುಂಚೆ ಬರ್ತಿರಲಿಲ್ಲ. ಬಾ, ಕೂತ್ಕೋ."

ಮರುದಿನದಿಂದ ಅಜ್ಜಿಗೂ ಒಂದು ಡೈರಿ, ಹಿಂದಿ ಪಾಠ. ಪೋಷಕರ ಸಹಿ ಮೊಮ್ಮಗಳದು. ಒಮ್ಮೆ ನೆರವಾಗೋಣವೆಂದು ಪೆನ್ನು ತೆಗೆದೆ.

"ಪಪ್ಪಾ, ನೀನು ಬೇಡ. ನೀನು ಓದಲ್ಲ."

೪

ಮಾರ್ಚಿನಲ್ಲಿ ಪೋಷಕರ ಸಭೆ. ಅಮ್ಮನೂ ಹೊರಟಳು. ಬಾಗಿಲಲ್ಲಿ ಹಿಂದಿಯಲ್ಲಿ ಅಚ್ಚಾದ ಒಂದು ಹಾಳೆ, ಕೆಳಗೆ ಸಹಿ ಹಾಕಲು ಜಾಗ, ಪಕ್ಕದಲ್ಲಿ ಸಹಿ ಬಾರದವರಿಗೆ ಹೆಬ್ಬೆಟ್ಟಿನ ಮಸಿಡಬ್ಬಿ. ನಾನು ಎರಡು ಸೆಕೆಂಡಿನಲ್ಲಿ ಸಹಿ ಹಾಕಿ ಒಳಗೆ ಹೋಗಿ ಕೂತೆ. ಅಮ್ಮ ಬರಲೇ ಇಲ್ಲ.

ಎದ್ದು ಬಂದು ನೋಡಿದರೆ, ಸಾಲು ಗೇಟಿನವರೆಗೆ ಬೆಳೆದಿದೆ. ಸಾಲಿನ ತಲೆಯಲ್ಲಿ ಅಮ್ಮ ಬೆರಳಿಟ್ಟು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದುತ್ತಿದ್ದಾಳೆ.

"ಮಾತಾಜೀ, ಜರಾ ಜಲ್ದೀ," ಎಂದರು ಹಿಂದಿನವರು.

"ಅಂಕಲ್, ಡಿಸ್ಟರ್ಬ್ ಮತ್ ಕರೋ," ಎಂದಳು ಅಜ್ಜಿಯ ಪಕ್ಕ ನಿಂತಿದ್ದ ಮಗಳು.

"ಅಮ್ಮಾ, ಬರೀ ಸಹಿ ಹಾಕು, ಸಾಕು," ಎಂದೆ ನಾನು.

ಅಮ್ಮ ಕೊನೆಯ ಸಾಲು ಮುಗಿಸಿದಳು, ತಲೆ ಎತ್ತಿದಳು.

"ಇದಕ್ಕೆ ಸಹಿ ಹಾಕಿದೋರು ಶನಿವಾರ ಶನಿವಾರ ಕ್ಲಾಸಿಗೆ ಬಂದು ಮಕ್ಕಳಿಗೆ ಕಥೆ ಓದಬೇಕಂತೆ ಕಣೋ. ನೀನು ಹಾಕಿದ್ದೀಯಾ?"

ಮೊದಲ ಬಾರಿಗೆ ನಾನೂ ಹಾಳೆ ಓದಿದೆ. ಹಾಗೇ ಇತ್ತು.

ಅಮ್ಮ ಹೆಬ್ಬೆಟ್ಟಿನ ಮಸಿಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ನನ್ನ ಪೆನ್ನು ಕಿತ್ತುಕೊಂಡು, ನನ್ನ ಹೆಸರಿನ ಕೆಳಗೆ ನಿಧಾನವಾಗಿ ತನ್ನ ಹೆಸರು ಬರೆದಳು.

"ಹೆದರಬೇಡ, ನಾನೂ ಬರ್ತೀನಿ," ಎಂದಳು. "ನೀನು ಪುಸ್ತಕದಲ್ಲಿರೋದು ಓದು. ನರಿ ಮುಂದೇನು ತಗೊಂಡಿತು ಅಂತ ನಾನು ಹೇಳ್ತೀನಿ."