ಏಳು ಎಂದರೆ ಏಳಬಾರದು

ನಾಯಕರು ತಾವಾಗಿ ಹುಟ್ಟುವುದಿಲ್ಲ, ಅವರನ್ನು ನಾನು ತಯಾರಿಸುತ್ತೇನೆ! ತಾಲೂಕು ಊರಾದ ಜತ್ತದಲ್ಲಿ ಶಿಕ್ಷಕರ ತರಬೇತಿ ಮುಗಿಸಿ ಬಸ್ಸಿನಲ್ಲಿ ಬರುವಾಗ ನನಗೆ ಹೀಗೆ ಅನ್ನಿಸಿತ್ತು. ದೊಡ್ಡ ತರಗತಿಯವರು ಸಣ್ಣವರಿಗೆ ಆಟ ಕಲಿಸಬೇಕು, ಅದರಿಂದ ನೇತೃತ್ವಗುಣ ಬೆಳೆಯುತ್ತದೆ, ಶಿಕ್ಷಕರು ಬಾಯಿ ಮುಚ್ಚಿಕೊಂಡು ದೂರ ನಿಲ್ಲಬೇಕು ಎಂದು ಅಲ್ಲಿ ಹೇಳಿದ್ದರಂತೆ. ಕೊನೆಯ ಮಾತಿನ ಹೊತ್ತಿಗೆ ನಾನು ಚಹಾ ಕುಡಿಯಲು ಹೋಗಿದ್ದೆ.

ಹೆಂಡತಿಗೆ ಈ ಸಂಗತಿ ಹೇಳಿದೆ.

"ನೇತೃತ್ವ ನೀವು ಕಲಿಸ್ತೀರಿ? ನಿಮ್ಮ ಮಾತು ನಮ್ಮನಿ ಬೆಕ್ಕೂ ಕೇಳೂದಿಲ್ಲಲ್ರೀ!"

ಇಂಥ ಮಾತಿಗೆ ವಿಚಲಿತನಾಗುವವನು ನಾನಲ್ಲ.

ನಮ್ಮದು ಮಹಾರಾಷ್ಟ್ರದ ಗಡಿಯೊಳಗಿನ ಕನ್ನಡ ಶಾಲೆ. ನಾನು ಕನ್ನಡ ಕಲಿಸುವವನು. ಆಟದ ಶಿಕ್ಷಕರಿಲ್ಲವೆಂದು ಸೀಟಿಯೂ ನನ್ನ ಕೊರಳಿಗೇ ಬಿದ್ದಿದೆ. ಎಂಟನೆಯ ತರಗತಿಯ ರೇಣುಕಾಳನ್ನು ಆರನೆಯ ತರಗತಿಯ ಹುಡುಗಿಯರ ಖೋಖೋ ತಂಡಕ್ಕೆ ಕೋಚ್ ಮಾಡಿದೆ. ಆಕೆ ಚೆನ್ನಾಗಿಯೇ ಕಲಿಸುತ್ತಿದ್ದಳು. ಅಷ್ಟರಲ್ಲಿ ಹೆಡ್ ಸರ್ ಒಂದು ಬಾಂಬು ಹಾಕಿದರು.

"ಬಾಜೂ ಊರಿನ ಆ ಮರಾಠಿ ಸಾಲಿ ಕೂಡ ಆಡಿ ಗೆದ್ದು ತೋರಸ್ರಿ. ಇಲ್ಲಂದ್ರ ಆಟದ ತಾಸು ಗಣಿತಕ್ಕ ಹೋಗ್ತದ."

ಹುಡುಗಿಯರ ಮುಖ ಸಪ್ಪಗಾಯಿತು. ಮನೆಗೆ ಹೋದರೆ ಅವರಿಗೆ ನೀರು ತರುವುದು, ಆಡು ಕಾಯುವುದು ಇದ್ದೇ ಇದೆ. ಮನಸಾರೆ ಓಡಲು ಸಿಗುತ್ತಿದ್ದದ್ದು ಅದೊಂದೇ ತಾಸು. ನನಗೂ ಸಂಕಟವಾಯಿತು. ಸಂಕಟವಾದಾಗ ಸುಮ್ಮನಿರುವುದು ನನಗೆ ಬರುವುದಿಲ್ಲ.

ತಂಡದಲ್ಲಿ ಮೂವರು ಸವಿತಾ ಇದ್ದರು. "ಸವಿತಾ!" ಎಂದರೆ ಮೂವರೂ ತಿರುಗುತ್ತಿದ್ದರು. ಪಂದ್ಯದ ದಿನ ಬೆಳಿಗ್ಗೆ ಎಲ್ಲರ ಬೆನ್ನಿಗೂ ನಂಬರಿನ ಚೀಟಿ ಅಂಟಿಸಿದೆ. ಬೆನ್ನಟ್ಟಿ ಓಡುವವಳಿಗೆ ನಾನು ನಂಬರ್ ಕೂಗುತ್ತೇನೆ, ಅವಳು ಆ ನಂಬರಿನವಳಿಗೆ ಖೋ ಕೊಡಬೇಕು. ಎಂಥ ವೈಜ್ಞಾನಿಕ ಪದ್ಧತಿ!

ರೇಣುಕಾ ತಲೆ ಕೆರೆದುಕೊಂಡಳು. "ಸರ್, ಏಳು ಅಂದ್ರ ಎದ್ದ್ ಬಿಡ್ತಾರ್ರಿ. ಮರಾಠ್ಯಾಗ ಸಾತ್ ಅನ್ನೂಣ್ರಿ."

"ನಮ್ದು ಕನ್ನಡ ಸಾಲಿ! ಸ್ವಲ್ಪನೂ ಅಭಿಮಾನ ಬ್ಯಾಡೇನವಾ?" ಎಂದು ಗದರಿದೆ.

ಹಿಂದಿನ ದಿನವಷ್ಟೇ ಇದೇ ಹುಡುಗಿಯರಿಗೆ ನಾನಾರ್ಥ ಪದಗಳ ಪಾಠ ಮಾಡಿದ್ದೆ. ಕಲಿಸಿದ್ದು ಅವರಿಗೆ ನೆನಪಿತ್ತು. ಕಲಿಸಿದವನಿಗೆ ಇರಲಿಲ್ಲ!

ಆಟ ಶುರುವಾಯಿತು. ಖೋಖೋದಲ್ಲಿ ಬೆನ್ನಿಗೆ ಖೋ ಬೀಳುವವರೆಗೆ ಕೂತವರು ಏಳುವಂತಿಲ್ಲ, ಎದ್ದರೆ ಫೌಲ್. ಎದುರಾಳಿ ಹುಡುಗಿ ಏಳನೆಯ ನಂಬರಿನ ಪಕ್ಕಕ್ಕೇ ಬಂದಳು. ನಾನು ಗಂಟಲು ಹರಿಯುವಂತೆ ಕೂಗಿದೆ.

"ಏಳು! ಏಳು!"

ಕೂತವರೆಲ್ಲ ರಾಷ್ಟ್ರಗೀತೆಗೆ ನಿಂತಂತೆ ಎದ್ದು ನಿಂತರು. ಫೌಲ್!

ಗಾಬರಿಯಲ್ಲಿ "ಕುಂದ್ರ್ರಿ! ಎಲ್ಲಾರೂ ಕುಂದ್ರ್ರಿ!" ಎಂದು ಚೀರಿದೆ. ಎಲ್ಲರೂ ಕೂತರು. ಬೆನ್ನಟ್ಟಿ ಓಡುತ್ತಿದ್ದ ನಮ್ಮವಳೂ ಕೂತಳು. ಅಷ್ಟೇ ಅಲ್ಲ, ಎದುರಾಳಿ ಹುಡುಗಿಯೂ ಕೂತುಬಿಟ್ಟಳು! ಶಾಲೆ ಮರಾಠಿಯಾದರೇನು, ಮನೆಮಾತು ಕನ್ನಡವೇ ತಾನೆ? ಕೈ ಚಾಚಿದ್ದರೆ ಅವಳು ಔಟಾಗುತ್ತಿದ್ದಳು. ಆದರೆ ಕೈ ಚಾಚಲು ನಮ್ಮವರಲ್ಲಿ ಒಬ್ಬರಾದರೂ ನಿಂತಿರಬೇಕಲ್ಲ! ಆಡಿಸುತ್ತಿದ್ದ ಪಂಚರು ಸೀಟಿ ಊದುವುದನ್ನೂ ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೊದಲ ಪಾಳಿ ಹೀಗೆ ಮಣ್ಣುಪಾಲಾಯಿತು. ಸವಿತೆಯರಲ್ಲಿ ಒಬ್ಬಳು ಅಳತೊಡಗಿದಳು. "ಆಟದ ತಾಸು ಹೋತಲ್ಲಕ್ಕಾ!"

ರೇಣುಕಾ ಅವಳ ಕಣ್ಣೊರೆಸಿ ನೆಟ್ಟಗೆ ನನ್ನ ಬಳಿ ಬಂದಳು.

"ಸರ್, ಸೀಟಿ ಇಲ್ಲಿ ಕೊಡ್ರಿ. ನೀವು ಆ ಬೇವಿನ ಗಿಡದ ಬುಡಕ ಕುಂದ್ರ್ರಿ. ಖೋ ಬೀಳೂತನ ಏಳಬ್ಯಾಡ್ರಿ."

ಇಪ್ಪತ್ತು ವರ್ಷ ಮಕ್ಕಳನ್ನು ಕೂರಿಸಿದವನು ನಾನು. ತೆಪ್ಪಗೆ ಹೋಗಿ ಕೂತೆ.

ಮುಂದಿನ ಪಾಳಿಯಲ್ಲಿ ಆಕೆ "ಸಾತ್! ಚಾರ್! ದೋನ್!" ಎಂದು ಕೂಗುತ್ತಿದ್ದರೆ ನಮ್ಮವರು ಮಿಂಚಿನಂತೆ ಓಡಿದರು. ಕನ್ನಡಾಭಿಮಾನವನ್ನು ಬೇವಿನ ಬುಡದಲ್ಲಿಟ್ಟು ನಾನೂ ಚಪ್ಪಾಳೆ ಹೊಡೆದೆ. ಕೂತೇ ಹೊಡೆದೆ! ಒಂದೇ ಪಾಯಿಂಟಿನಿಂದ ಗೆದ್ದೆವು.

ಹೆಡ್ ಸರ್ ಬಂದದ್ದು ಕೊನೆಗೆ. "ಭಾಳ ಚಲೋ ಆತು! ಆಟದ ತಾಸು ಉಳೀತು. ಇವ್ರಿಗೆ ಕಲಿಸಿದವ್ರು ಎದ್ದು ನಿಲ್ಲ್ರಿ ನೋಡೂಣು!"

ನಾನು ವಿನಯದಿಂದ, ಅಂಗಿಯ ಮಣ್ಣು ಕೊಡವುತ್ತ, ಅರ್ಧ ಎದ್ದೆ.

ರೇಣುಕಾ ತಿರುಗಿ ನೋಡಿದಳು. "ಸರ್, ಖೋ ಇನ್ನೂ ಬಿದ್ದಿಲ್ಲರಿ."

ಮತ್ತೊಂದು ಫೌಲ್ ಬೇಡವೆಂದು ಕೂತೆ.