ಹಗ್ಗದಲ್ಲಿ ಕಟ್ಟಿದ ಮನೆ

ನಾನು ಸುಲಭವಾಗಿ ಬೆಚ್ಚಿಬೀಳುವ ಮನುಷ್ಯ. ನನ್ನನ್ನು ಕಂಡವರು ಇದನ್ನು ನಂಬುವುದಿಲ್ಲ. ಅಂಗಿಯ ಜೇಬಿನಲ್ಲಿ ಎರಡು ಬಣ್ಣದ ಪೆನ್ನು, ಚೀಲದಲ್ಲಿ ಡೈರಿ, ತಲೆಯಲ್ಲಿ ಮುಂದಿನ ವಾರದ ಏರ್ಪಾಡು ಇರುವವನಿಗೆ ಯಾವುದರ ಹೆದರಿಕೆ ಎಂದು ಕೇಳುತ್ತಾರೆ. ಆದರೆ ಡೈರಿ ಬರೆಯುವವರ ಗುಟ್ಟೇ ಅದು. ಧೈರ್ಯ ಇದ್ದವರು ನಾಳೆ ಬಂದದ್ದನ್ನು ನಾಳೆ ನೋಡಿಕೊಳ್ಳುತ್ತಾರೆ. ನನ್ನಂಥವರು ಮಾತ್ರ ನಾಳೆಗೆ ಇವತ್ತೇ ಗೆರೆ ಎಳೆದು, ಖಾನೆ ಮಾಡಿ, ಅದರೊಳಗೆ ಅಲ್ಲಾಡದಂತೆ ಕೂರಿಸುವುದು. ಮಸ್ಕತ್ತಿಗೆ ಹೊರಟ ದಿನ ಅಮ್ಮ ಎಲ್ಲರ ಅಮ್ಮಂದಿರಂತೆ ಉಪ್ಪಿನಕಾಯಿ ಕಟ್ಟಿಕೊಟ್ಟಳು. ಡಬ್ಬದಲ್ಲಿ ಮಿಡಿ ಎಷ್ಟಿವೆ ಎಂದು ನಾನು ಎಣಿಸಿ ಬರೆದುಕೊಂಡೆ. ದಾರಿಯಲ್ಲಿ ಒಂದು ಕಡಿಮೆಯಾದರೆ ಗೊತ್ತಾಗಬೇಕಲ್ಲ. ಅಪ್ಪ ಅದನ್ನು ನೋಡಿ, "ಇವನಿಗೆ ಹೆಣ್ಣು ಕೊಡುವವರು ಪುಣ್ಯವಂತರು" ಎಂದರು. ಅದು ಹೊಗಳಿಕೆಯಲ್ಲ ಎಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

ಇಷ್ಟು ಜಾಗ್ರತೆಯ ನಡುವೆಯೂ ಒಂದು ಸಂಗತಿಗೆ ನನ್ನಲ್ಲಿ ಖಾನೆ ಇರಲಿಲ್ಲ. ಅದು ವಾಸು ಮಾವ ಲಾಂಚಿನಲ್ಲಿ ಸಂಸಾರ ಹೂಡಿದ್ದು.

ವಾಸು ಮಾವ ನನ್ನ ಅಮ್ಮನ ಅಣ್ಣ. ಮಸ್ಕತ್ತಿನಲ್ಲಿ ಒಬ್ಬ ಒಮಾನಿ ಧಣಿಯ ಮರದ ಲಾಂಚಿನ ಇಂಜಿನ್ ನೋಡಿಕೊಳ್ಳುತ್ತಲೇ ಅವರ ತಲೆ ನೆರೆತಿತ್ತು. ಈ ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅವರಿಗೆ ನಿವೃತ್ತಿ. ನಮ್ಮವರು ನಿವೃತ್ತರಾದರೆ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು, ಅದರ ನಾಲ್ಕೂ ಮೈಗೆ ಹೆಸರು ಬರೆದು, ವಿಮಾನ ಹತ್ತುವುದು ಕ್ರಮ. ಮಾವನ ಪೆಟ್ಟಿಗೆಗೂ ಹಗ್ಗ ಬಿದ್ದಿತ್ತು. ಅಷ್ಟರಲ್ಲಿ ಅವರ ಕಫೀಲ್, ಎಂದರೆ ವೀಸಾ ಕೊಟ್ಟು ಇಟ್ಟುಕೊಂಡಿದ್ದ ಆ ಮುದುಕ ಧಣಿ, ಅಡ್ಡ ಬಂದ. "ವಾಸು, ಈ ಇಂಜಿನ್ ನಿನ್ನ ಮಾತು ಮಾತ್ರ ಕೇಳುವುದು. ನೀನು ಹೋದರೆ ಅದು ಖಲಾಸ್, ನಾನೂ ಖಲಾಸ್. ಹೆಂಡತಿಯನ್ನು ಕರೆಸಿಕೋ, ಲಾಂಚಿನಲ್ಲೇ ಇರು. ವೀಸಾ ನನ್ನ ತಲೆನೋವು" ಎಂದನಂತೆ. ಅವನ ಗಂಡುಮಕ್ಕಳು ಬಿಳಿ ಫೈಬರ್ ದೋಣಿ ಕೊಂಡಿದ್ದರಿಂದ ಹಳೆಯ ಲಾಂಚಿಗೆ ಬೇರೆ ಕೆಲಸವೂ ಇರಲಿಲ್ಲ. ಹೀಗೆ ಊರಿನಲ್ಲಿ ದೊಡ್ಡ ಕೂಡುಕುಟುಂಬದ ಅಡುಗೆಮನೆ ನಡೆಸುತ್ತಿದ್ದ ಶಾರದಾ ಮಾಮಿ ಎರಡು ಸೂಟ್‌ಕೇಸು, ಒಂದು ತುರಿಮಣೆಯೊಂದಿಗೆ ಬಂದಿಳಿದರು.

"ಸದಾ, ಶುಕ್ರವಾರ ಹಾಲುಕ್ಕಿಸುದುಂಟು, ಬಾ" ಎಂದು ಮಾವ ಫೋನು ಮಾಡಿದರು. ಹೊಸ ಮನೆ ಹೊಕ್ಕರೆ ಹಾಲು ಉಕ್ಕಿಸುವುದು ನಮ್ಮಲ್ಲಿ ಬಿಡದ ಪದ್ಧತಿ. ಆದರೆ ಲಾಂಚಿನಲ್ಲಿ? ನಾನು ಬೆಚ್ಚಿದೆ. ಮತ್ರಾ ಬಂದರಿನ ಆಚೆ ದೋಣಿ ಕಟ್ಟುವ ಸಣ್ಣ ದಕ್ಕೆಗೆ ಹೋಗಿ ನೋಡುತ್ತೇನೆ, ಲಾಂಚಿನ ಬಾಗಿಲಿಗೆ ಪ್ಲಾಸ್ಟಿಕ್ಕಿನ ಮಾವಿನ ತೋರಣ. ಒಳಗೆ ಕಪಾಟಿನಷ್ಟು ಅಡುಗೆಮನೆ, ಅದರಲ್ಲಿ ಮಾಮಿ, ಸ್ಟೌವಿನ ಮೇಲೆ ಹಾಲು. "ಪೂರ್ವ ಯಾವುದು?" ಎಂದು ಮಾಮಿ ಕೇಳಿದರು. ಮಾವ ಸಮುದ್ರದ ಕಡೆ ಕೈ ತೋರಿಸಿ, "ಮಂಗಳೂರು ಇರುವ ಕಡೆ" ಎಂದರು. ಪೂರ್ವಕ್ಕೆ ಉಕ್ಕಿದರೆ ಬಹಳ ಶುಭವಂತೆ. ಆ ಹೊತ್ತಿಗೆ ಸರಿಯಾಗಿ ಒಂದು ಮೀನಿನ ದೋಣಿ ಭರ್ರನೆ ಪಕ್ಕದಲ್ಲಿ ಹಾದು ಹೋಯಿತು. ಅದರ ಅಲೆಗೆ ಲಾಂಚು ಓಲಾಡಿ, ಹಾಲು ಕುದಿಯುವ ಮೊದಲೇ ಎಂಟೂ ದಿಕ್ಕಿಗೆ ಹಾರಿತು. ಆಗ್ನೇಯದಲ್ಲಿ ನನ್ನ ಹೊಸ ಪ್ಯಾಂಟು ಇತ್ತು. "ಇದು ಉಕ್ಕಿದ್ದಾ, ಚೆಲ್ಲಿದ್ದಾ?" ಎಂದರು ಮಾಮಿ. "ಉಕ್ಕಿದ್ದು, ಉಕ್ಕಿದ್ದು" ಎಂದು ಮಾವ ಅವಸರದಲ್ಲಿ ತೀರ್ಪು ಕೊಟ್ಟರು.

ಮಾಮಿ ನೆಲ ಒರೆಸಿ ಎದ್ದು ಸೊಂಟಕ್ಕೆ ಕೈ ಕೊಟ್ಟು ಹೇಳಿದರು: "ನೋಡಿ, ಈ ಚಳಿಗಾಲ ನೋಡ್ತೇನೆ. ಮನಸ್ಸು ನಿಂತರೆ ಇರುದು, ನಿಲ್ಲದಿದ್ರೆ ಊರಿಗೆ ಹೋಗುದು. ಮತ್ತೆ ನನ್ನನ್ನು ತಡೀಲಿಕ್ಕಿಲ್ಲ."

ಮಾವನ ಮುಖ ನೋಡಬೇಕಿತ್ತು. ನನ್ನನ್ನು ಇಂಜಿನ್ನಿನ ಹತ್ತಿರ ಕರೆದುಕೊಂಡು ಹೋಗಿ, ಅದಕ್ಕೂ ಕೇಳಬಾರದೆಂಬಂತೆ ಪಿಸುಗುಟ್ಟಿದರು. "ಅವಳು ಹೊರಟರೆ ನಾನೂ ಹೊರಡ್ಬೇಕು ಮಾರಾಯ. ಊರಲ್ಲಿ ನಾನು ಎಂತ ಮಾಡುದು? ನಿಂತ ಮನೆಯಲ್ಲಿ ನಂಗೆ ನಿದ್ದೆ ಹತ್ತುದಿಲ್ಲ. ಅವಳು ಜನರ ನಡುವೆ ಬೆಳೆದವಳು, ಇಲ್ಲಿ ಒಬ್ಬಳೇ ಆದ್ರೆ ಖಂಡಿತ ನಿಲ್ಲುದಿಲ್ಲ. ನೀನು ಲೆಕ್ಕಾಚಾರದ ಹುಡುಗ. ಏನಾದ್ರೂ ಮಾಡಿ ಜನ ಕಳಿಸು."

ಜನ ಕಳಿಸು! ಇಂಥ ಕೆಲಸಕ್ಕೇ ದೇವರು ನನಗೆ ಎರಡು ಬಣ್ಣದ ಪೆನ್ನು ಕೊಟ್ಟದ್ದು ಎನ್ನಿಸಿತು. ಹಮ್ರಿಯಾದ ನನ್ನ ಕೋಣೆಗೆ ಬಂದವನೇ ಶುಕ್ರವಾರಗಳನ್ನೆಲ್ಲ ಸಾಲಾಗಿ ಬರೆದು ಹಂಚಿದೆ. ಬೆಳಿಗ್ಗೆ ಸಂಬಂಧಿಕರು, ಮಧ್ಯಾಹ್ನ ಊಟಕ್ಕೆ ಸ್ನೇಹಿತರು, ಸಂಜೆಗೆ ಅವರಿಬ್ಬರೂ ಅಲ್ಲದವರು. ನಮ್ಮ ಕಟ್ಟಡದ ಕೆಳಗೆ ಹಮೀದನ ಕಿರಾಣಿ ಅಂಗಡಿ. ಅವನು ಉಳ್ಳಾಲದ ಕಡೆಯ ಬ್ಯಾರಿ, ನನ್ನ ಗೆಳೆಯ, ಪಿಕಪ್ ಇದ್ದವನು. ಅವನ ಅಂಗಡಿಯೇ ನನ್ನ ಕಚೇರಿ. ದೋಣಿಮನೆ ನೋಡಬೇಕೆನ್ನುವವರು ಅಲ್ಲಿ ಹೆಸರು ಹೇಳಿ ಹೋಗುತ್ತಿದ್ದರು. "ಸದಣ್ಣ, ಇದು ನಿಮ್ಮ ಮಾವನ ಮನೆಯಾ, ಡಾಕ್ಟರ ಕ್ಲಿನಿಕ್ಕಾ? ಟೋಕನ್ ಒಂದು ಬಾಕಿ" ಎಂದು ಹಮೀದ್ ನಗಾಡುತ್ತಿದ್ದ. ನಾನು ಟೋಕನ್ನಿನ ವಿಚಾರವನ್ನು ಗಂಭೀರವಾಗಿ ಯೋಚಿಸಿದೆ.

ಜನ ಬಂದರು. ಸೊಹಾರಿನಿಂದ ಬಂದರು, ರೂವಿಯಿಂದ ಬಂದರು, ಮಾವನಿಗೆ ಗೊತ್ತಿಲ್ಲದವರು ಬಂದರು, ನನಗೆ ಗೊತ್ತಿಲ್ಲದವರೂ ಬಂದರು. ಬಂದವರು ಬರಿಗೈಯಲ್ಲಿ ಬರುವ ಕ್ರಮವಿಲ್ಲ. ಗಲ್ಫಿನಲ್ಲಿ ಹೊಸ ಮನೆಗೆ ಏನು ಕೊಡುವುದೆಂದು ತೋಚದವರೆಲ್ಲ ಫ್ಲಾಸ್ಕ್ ಕೊಡುತ್ತಾರೆ. ಮಾಮಿಯ ಲಾಂಚಿನಲ್ಲಿ ಹೂವಿನ ಚಿತ್ರದ ಫ್ಲಾಸ್ಕುಗಳು ಒಂದು ಸಂಸಾರದಷ್ಟಾದವು. ಅಲೆ ಬಂದಾಗ ಅವು ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ಉರುಳುತ್ತಿದ್ದವು.

ಇನ್ನು ನೀರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡಬೇಕು. ಕೊಡದೆ ಮಾತಿಗೆ ಕೂರುವುದೆಂದರೆ ಬೈದಷ್ಟೇ ಅವಮಾನ. ಸುತ್ತ ಕಣ್ಣು ಹಾಯುವವರೆಗೂ ನೀರಿರುವ ಆ ಮನೆಯಲ್ಲಿ ಕುಡಿಯುವ ನೀರು ಮಾತ್ರ ಕ್ಯಾನಿನಲ್ಲಿ ಬರಬೇಕು. ಮಾವ ದಕ್ಕೆಯ ತುದಿಯ ನಲ್ಲಿಯಿಂದ ಅದನ್ನು ಹೊತ್ತು ತರುತ್ತಿದ್ದರು. ಅತಿಥಿಗಳು ಬೆಲ್ಲ ತಿಂದು ನೀರು ಕುಡಿದರು, ಕಾಲು ತೊಳೆದರು, ಮಕ್ಕಳ ಕೈ ತೊಳೆಸಿದರು, ವಾಂತಿ ಮಾಡಿದವರು ಮುಖ ತೊಳೆದರು. ಲಾಂಚಿನ ಪಾಯಿಖಾನೆಗೆ ಕೈಪಂಪು ಹೊಡೆಯಬೇಕು. ಹೊಡೆಯುವುದು ತಿಳಿಯದೆ ಒಳಗಿನಿಂದ "ಅಯ್ಯೋ" ಎಂದವರನ್ನು ಮಾವ ಹೊರಗೆ ನಿಂತೇ "ಮೇಲೆ, ಕೆಳಗೆ, ಮೇಲೆ, ಕೆಳಗೆ" ಎಂದು ಪಾರು ಮಾಡುತ್ತಿದ್ದರು. ಊಟಕ್ಕೆ ಎಲ್ಲರಿಗೂ ಮೀನೇ ಬೇಕು. "ನಿಮಗೇನು, ಕಿಟಕಿಯಿಂದ ಕೈ ಹಾಕಿದರೆ ಅಂಜಲ್ ಸಿಗ್ತದಲ್ಲ?" ಎಂದು ಪ್ರತಿಯೊಬ್ಬರೂ, ತಾವೇ ಮೊದಲು ಕಂಡುಹಿಡಿದ ಹಾಸ್ಯವೆಂಬಂತೆ, ಹೇಳುತ್ತಿದ್ದರು. ಮಾಮಿ ಪ್ರತಿ ಸಲವೂ ನಗುತ್ತಿದ್ದರು.

ಆ ನಗುವೇ ನನ್ನನ್ನು ದಾರಿ ತಪ್ಪಿಸಿದ್ದು. ಮಾಮಿಯ ಮನಸ್ಸು ನಿಂತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಬಾಯಿಬಿಟ್ಟು ಕೇಳಬಹುದಿತ್ತು. ಆದರೆ ಕೇಳುವುದು ಶಾಸ್ತ್ರೀಯವಲ್ಲ. ಆದ್ದರಿಂದ ಅವರು ನಕ್ಕಾಗಲೆಲ್ಲ ಡೈರಿಯಲ್ಲಿ ಒಂದು ಗೀಟು ಹಾಕತೊಡಗಿದೆ. ಜನ ಹೆಚ್ಚಾದಂತೆ ಗೀಟೂ ಹೆಚ್ಚಾಯಿತು. ಚಳಿಗಾಲ ಮುಗಿಯುತ್ತ ಬಂದಾಗ ಮಾವನಿಗೆ ತೋರಿಸಿ, "ಹೆದರಬೇಡಿ, ಮಾಮಿ ಎಲ್ಲಿಗೂ ಹೋಗುವುದಿಲ್ಲ" ಎಂದೆ. ಕ್ಯಾನು ಹೊತ್ತು ಬೆನ್ನು ಬಾಗಿದ್ದ ಮಾವ, "ನಿನ್ನ ಬಾಯಿಗೆ ಸಕ್ಕರೆ ಬೀಳ್ಲಿ. ಆದ್ರೆ ನಿನ್ನೆ ಅವಳು ಸೂಟ್‌ಕೇಸಿನ ಧೂಳು ಒರೆಸ್ತಾ ಇದ್ಲು" ಎಂದರು. ನಾನು ಗಾಬರಿಯಾಗಿ ಮುಂದಿನ ಶುಕ್ರವಾರಕ್ಕೆ ಇನ್ನಷ್ಟು ಜನ ಹೆಚ್ಚಿಸಿದೆ.

ಆ ಶುಕ್ರವಾರ ನಾನು ಕರೆದುಕೊಂಡು ಹೋದದ್ದು ನಮ್ಮ ಆಫೀಸಿನ ಮ್ಯಾನೇಜರನ್ನು. ಕುಂದಾಪುರದ ಕಡೆಯವರು, ಹೆಚ್ಚು ಮಾತಿಲ್ಲ. ಜೊತೆಗೆ ಅವರ ಹೆಂಡತಿ, ಮಕ್ಕಳು, ಊರಿನಿಂದ ಬಂದಿದ್ದ ಅವರ ಅತ್ತೆ. ಹಿಂದಿನಿಂದ ಹಮೀದನ ಪಿಕಪ್ಪಿನಲ್ಲಿ ಇನ್ನೊಂದು ತಂಡ. ಮ್ಯಾನೇಜರರ ಹೆಂಡತಿಯ ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಉರುಟು ವಸ್ತು. ಅದು ಫ್ಲಾಸ್ಕ್ ಎಂದು ಹೇಳಲು ಜ್ಯೋತಿಷ ಬೇಕಾಗಿರಲಿಲ್ಲ. ದಕ್ಕೆಯ ಮೇಲೆ ನಾನು ಎಲ್ಲರಿಗಿಂತ ಮುಂದೆ ನಡೆದು, ತಿರುಗಿ, ಕೈ ಚಾಚಿ, "ಇದೇ ನಮ್ಮ ಮಾವನ ಮನೆ" ಎಂದೆ.

ಮ್ಯಾನೇಜರರ ಸಣ್ಣ ಮಗಳು, "ವೇರ್?" ಎಂದಳು.

ನಾನು ತಿರುಗಿ ನೋಡಿದೆ. ಲಾಂಚಿಗೆ ಹತ್ತುವ ಹಲಗೆ ದಕ್ಕೆಯ ಮೇಲೆ ಅಚ್ಚುಕಟ್ಟಾಗಿ ಎಳೆದಿಟ್ಟಿತ್ತು. ಹಗ್ಗ ಕಟ್ಟುವ ಕಬ್ಬಿಣದ ಗೂಟ ಬೋಳಾಗಿ ನಿಂತಿತ್ತು. ಮನೆ ಇದ್ದ ಜಾಗದಲ್ಲಿ ನೀರು, ನೀರಿನಲ್ಲಿ ಒಂದು ಕಿತ್ತಳೆ ಸಿಪ್ಪೆ. ಮನೆಯವರು ಮನೆಯಲ್ಲಿಲ್ಲದ್ದು ಯಾರಿಗೂ ಆಗುವ ಅನುಭವ. ಮನೆಯೇ ಮನೆಯಲ್ಲಿಲ್ಲದ್ದು ನನಗೆ ಅದೇ ಮೊದಲು. ಮುಳುಗಿತು ಎಂದುಕೊಂಡೆ. ಕದ್ದರು ಎಂದುಕೊಂಡೆ. ಮಾಮಿ ಲಾಂಚಿನಲ್ಲೇ ಊರಿಗೆ ಹೊರಟುಹೋದರು ಎಂದುಕೊಂಡಾಗ ಆ ಕಬ್ಬಿಣದ ಗೂಟದ ಮೇಲೆ ಕೂತುಬಿಟ್ಟೆ. ಬಿಸಿಲಿಗೆ ಅದು ಕಾದಿತ್ತು. ಕೂತಷ್ಟೇ ಬೇಗ ಎದ್ದೆ.

"ಸದಾಶಿವ, ಶುಕ್ರವಾರ ಇವರು ಮನೆಯನ್ನು ಎಲ್ಲಿ ಇಡ್ತಾರೆ?" ಎಂದು ಮ್ಯಾನೇಜರು ಶಾಂತವಾಗಿ ಕೇಳಿದರು.

ಹಮೀದ್ ಹಣೆಗೆ ಕೈ ಅಡ್ಡ ಹಿಡಿದು ದೂರ ನೋಡಿದ. "ಸದಣ್ಣ, ಅಲ್ಲಿ ನೋಡಿ."

ಅಲೆತಡೆಯ ಕಲ್ಲುಗಳ ಆಚೆ ಲಾಂಚು ಲಂಗರು ಹಾಕಿ ನಿಂತಿತ್ತು. ಮೇಲೆ ಹಗ್ಗದಲ್ಲಿ ಮಾಮಿಯ ಹಸಿರು ಸೀರೆ ಬಾವುಟದಂತೆ ಹಾರುತ್ತಿತ್ತು. ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕಾಲು ನೀಡಿಕೊಂಡು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತ ಸಾಕ್ಷಾತ್ ಮಾಮಿ. ನಾನು ಕರವಸ್ತ್ರ ಬೀಸಿ ಕೂಗಿದೆ. ಮಾಮಿ ನಿಧಾನಕ್ಕೆ ಕೈಬೀಸಿದರು. ಪಕ್ಕದಲ್ಲಿ ಮಾವ ಎರಡೂ ಕೈ ಮೇಲೆತ್ತಿ, ನನ್ನಿಂದ ಏನೂ ಸಾಧ್ಯವಿಲ್ಲ ಎಂಬ ಭಂಗಿಯಲ್ಲಿ ನಿಂತರು. ಆ ಹೊತ್ತಿಗೆ ಒಬ್ಬ ಒಮಾನಿ ಮೀನುಗಾರ ತನ್ನ ಸಣ್ಣ ದೋಣಿಯನ್ನು ಲಾಂಚಿನ ಬದಿಗೆ ತಂದು, ಮಾಮಿಯ ಮಾತು ಕೇಳಿಸಿಕೊಂಡು, ನಮ್ಮ ಕಡೆ ಬಂದ. ದೋಣಿ ನಿಲ್ಲಿಸಿ, ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳಿ, ತನ್ನ ಹಿಂದಿಯಲ್ಲಿ ಬಹಳ ಗೌರವದಿಂದ ಒಪ್ಪಿಸಿದ: "ಮಾಮಾ ಬೋಲಾ, ಘರ್ ಮೇ ಕೋಯಿ ನಹೀ."

ಅಲ್ಲಿಯವರ ಬಾಯಲ್ಲಿ ಮಾಮಾ ಎಂದರೆ ಅಮ್ಮ, ಅಂದರೆ ನಮ್ಮ ಮಾಮಿ. ಮನೆಯಲ್ಲಿ ಯಾರೂ ಇಲ್ಲ! ಎದುರಿಗೆ ಚಹಾ ಕುಡಿಯುತ್ತಿದ್ದಾರೆ. ಮ್ಯಾನೇಜರರ ಅತ್ತೆ ಮಾತ್ರ ಬಹಳ ಹೊತ್ತು ಆ ಹಸಿರು ಸೀರೆಯನ್ನೇ ನೋಡಿ, "ಪುಣ್ಯಾತ್ಗಿತ್ತಿ" ಎಂದು ದೊಡ್ಡ ಉಸಿರು ಬಿಟ್ಟರು.

ಎರಡು ದಿನ ಬಿಟ್ಟು, ಸಂಜೆ, ಒಬ್ಬನೇ ಹೋದೆ. ಲಾಂಚು ದಕ್ಕೆಗೆ ಮರಳಿತ್ತು. ಮಾಮಿ ಬೆಲ್ಲ, ನೀರು ತಂದಿಟ್ಟರು. ನಾನು ನೀರು ಮುಟ್ಟದೆ, "ಮಾಮಿ, ಊರಿಗೆ ಹೋಗ್ತೀರಾ?" ಎಂದು ಕೇಳಿದೆ. ಆ ಚಳಿಗಾಲ ಪೂರ್ತಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ಮಾವ ಬಾಗಿಲಲ್ಲಿ ಕ್ಯಾನು ಹಿಡಿದುಕೊಂಡೇ ನಿಂತುಬಿಟ್ಟರು.

"ಹೋಗುದಂತಲೇ ಇದ್ದೆ," ಎಂದರು ಮಾಮಿ. "ಮದುವೆಯಾದಂದಿನಿಂದ ಬಂದವರಿಗೆ ಬಡಿಸಿ ಬಡಿಸಿ ಸಾಕಾಗಿತ್ತು ಮಗಾ. ಇಲ್ಲಿ ಸ್ವಲ್ಪ ಸುಮ್ಮನೆ ಕೂರಬಹುದು ಅಂತ ಬಂದದ್ದು. ನೀನು ಇಡೀ ಮಸ್ಕತ್ತನ್ನು ತಂದು ನನ್ನ ಜಗಲಿಯಲ್ಲಿ ಕೂರಿಸಿದಿ. ಸೂಟ್‌ಕೇಸು ತುಂಬಿಸಿ ಆಗಿತ್ತು. ಮೊನ್ನೆ ನಿನ್ನ ಕಾರು, ಹಿಂದಿನಿಂದ ಆ ಪಿಕಪ್ಪು ಬರುದು ಕಂಡಿತು. ಇವರ ಹತ್ರ ಕೇಳಿದೆ, 'ಈ ಮನೆ ನಡೀತದಲ್ಲಾ? ನಡೆಸಿ' ಅಂತ. ಹಗ್ಗ ನಾನೇ ಬಿಚ್ಚಿದೆ." ಆಮೇಲೆ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆ ನಗು ಕೇಳಿದ ಮೇಲೆ ನನಗೆ ಗೊತ್ತಾಯಿತು, ನಾನು ಅದುವರೆಗೆ ಹಾಕಿದ್ದ ಗೀಟುಗಳಲ್ಲಿ ಒಂದೂ ನಗುವಿನದಲ್ಲ ಎಂದು. "ಜನ ಬಂದರೆ ಮನೆಯನ್ನೇ ಎತ್ತಿಕೊಂಡು ಹೋಗಬಹುದಾದ ಜಾಗ ಬಿಟ್ಟು ನಾನ್ಯಾಕೆ ಊರಿಗೆ ಹೋಗ್ಲಿ? ಇನ್ನು ಇಲ್ಲೇ. ಆದರೆ ಜನರನ್ನು ನೋಡ್ಬೇಕು ಅನಿಸಿದ್ರೆ ನಾವೇ ಹೋಗ್ತೇವೆ, ಆಯ್ತಾ?"

ಮಾವ ಕ್ಯಾನು ಕೆಳಗಿಟ್ಟು ಅದರ ಮೇಲೇ ಕೂತರು. ನಾನು ಸಂತೋಷದಿಂದ ಒಪ್ಪಿದೆ. ಒಪ್ಪುವ ಮೊದಲು ಆ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಹೇಳಿಸಿಕೊಳ್ಳಬೇಕಿತ್ತು.

ನನಗೆ ಕಳೆದ ವರ್ಷ ಮದುವೆಯಾಯಿತು. ಹಮ್ರಿಯಾದಲ್ಲೇ, ಹಮೀದನ ಅಂಗಡಿಯ ಮೇಲೆ, ಎರಡು ಕೋಣೆಯ ಫ್ಲ್ಯಾಟು ಹಿಡಿದೆ. ಮಾವ, ಮಾಮಿ ಈಗ ಪ್ರತಿ ಶುಕ್ರವಾರ ಜನರನ್ನು ನೋಡಲು ಬರುತ್ತಾರೆ. ಬರುವುದು ನಮ್ಮ ಮನೆಗೆ. ದೋಣಿಯ ಮಾಮಿ ಬಂದಿದ್ದಾರೆಂದು ತಿಳಿದರೆ ಸೊಹಾರಿನವರು, ರೂವಿಯವರು, ನನ್ನ ಪಟ್ಟಿಯಲ್ಲಿದ್ದವರು ಒಬ್ಬರೂ ತಪ್ಪದೆ ಎಲ್ಲರೂ ಬರುತ್ತಾರೆ. ಟೋಕನ್ನಿನ ವಿಚಾರ ಹಮೀದ್ ಮತ್ತೆ ಎತ್ತಿದ್ದಾನೆ. ಮಾಮಿ ಕುರ್ಚಿಯಲ್ಲಿ ಕಾಲು ನೀಡಿ ಕೂತು, ಪ್ರತಿಯೊಬ್ಬರಿಗೂ ಆ ಶುಕ್ರವಾರದ ಕಥೆ ಹೇಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ತಾರಸಿಯ ಟ್ಯಾಂಕಿನಲ್ಲಿ ನೀರು ಮುಗಿದು, ನಾನು ಕ್ಯಾನು ಹಿಡಿದು ಮೆಟ್ಟಿಲು ಹತ್ತುತ್ತೇನೆ. ನಮ್ಮಲ್ಲೂ ಫ್ಲಾಸ್ಕುಗಳು ಆಗಿವೆ, ಉರುಳುವುದಿಲ್ಲ ಎಂಬುದೊಂದೇ ವ್ಯತ್ಯಾಸ. ನನ್ನ ಹೆಂಡತಿ ಬಂದವರಿಗೆಲ್ಲ ನಗುತ್ತಾಳೆ. ನಾನು ಗೀಟು ಹಾಕುವುದಿಲ್ಲ.

ಮೊನ್ನೆ ಶುಕ್ರವಾರ ಕರೆಗಂಟೆ ಬಡಿದಾಗ ಅವಳು ಬಾಗಿಲು ತೆರೆಯದೆ, ಕೈಯಲ್ಲಿ ಸೌಟು ಹಿಡಿದು, ಕಿಟಕಿಯಿಂದ ಬಗ್ಗಿ ಕಟ್ಟಡದ ಬುಡವನ್ನೇ ನೋಡುತ್ತಿದ್ದಳು. "ಏನು ಹುಡುಕ್ತಿದ್ದಿ?" ಎಂದು ನಾನು ಕೇಳಲಿಲ್ಲ. ಬಿಚ್ಚಲು ಹಗ್ಗ ಇಲ್ಲ. ನಾನು ಮೊದಲೇ ಇಳಿದು, ನಾಲ್ಕೂ ಕಂಬ ಸುತ್ತಿ ನೋಡಿ ಬಂದಿದ್ದೇನೆ.