ಗುಂಗುರು ತಲೆಯ ಪರೀಕ್ಷೆ

ಗುಂಗುರು ಕೂದಲಿನ ಆರೈಕೆ ಕಲಿತು ಪರೀಕ್ಷೆ ಪಾಸಾಗದ ಕ್ಷೌರಿಕರು ಸೋಮವಾರದಿಂದ ಅಂಗಡಿ ತೆರೆಯಕೂಡದೆಂದು ಹೊಸ ಕಾನೂನು ಬಂತು. ಆ ಬೀದಿಯ ಮುದಿ ಕ್ಷೌರಿಕ ಆಯುಷ್ಯವನ್ನೆಲ್ಲ ಕಂಡವರ ತಲೆಗಳ ಹಿಂದೆ ನಿಂತೇ ಸವೆಸಿದವನು. ಮೊಣಕಾಲು ಹಳೇ ಬಾಗಿಲಿನಂತೆ ಕಿರುಗುಡುತ್ತಿದ್ದರೂ ತರಬೇತಿಗೆ ಹೋದ. ಒಣಗಿದ ಗುಂಗುರಿಗೆ ಬಾಚಣಿಗೆ ಹಾಕಬಾರದು, ಒದ್ದೆ ಮಾಡಿ ತುದಿಯಿಂದ ಸಿಕ್ಕು ಬಿಡಿಸುತ್ತ ಬುಡಕ್ಕೆ ಹೋಗಬೇಕು ಎಂಬುದನ್ನೆಲ್ಲ ಕಲಿತ.

ಪರೀಕ್ಷೆಗೆ ಗುಂಗುರು ತಲೆಯನ್ನು ಅವರವರೇ ಕರೆತರಬೇಕಿತ್ತು. ಪುಣ್ಯಕ್ಕೆ ಹೆಂಡತಿಯ ತಮ್ಮನಿದ್ದ. ಅವನದು ಗುಬ್ಬಿ ಕಂಡರೆ ಬಾಡಿಗೆಗೆ ಕೇಳುವಂಥ ತಲೆ.

ಶನಿವಾರ ಪರೀಕ್ಷೆಯ ಕೋಣೆಗೆ ಅವನು ಬಂದಾಗ ಕೂದಲು ನೆಂದ ಬೆಕ್ಕಿನ ಬಾಲದಂತೆ ನೆಟ್ಟಗೆ ಇಳಿಬಿದ್ದಿತ್ತು.

"ಏನೋ ಇದು? ತಲೆ ಎಲ್ಲೋ?"

"ನೇರ ಮಾಡಿಸ್ಕೊಂಡೆ ಭಾವ. ಪರೀಕ್ಷೆಗೆ ಕೆದರಿದ ತಲೇಲಿ ಹೋದ್ರೆ ನಿಮ್ಗೇ ಅವಮಾನ ಅಂದ್ರು ಇವ್ರು."

ಜೊತೆಗೆ ಬಂದಿದ್ದ ಎದುರಂಗಡಿಯ ದರ್ಜಿ ಮೀಸೆ ನೀವಿಕೊಂಡ. "ಪಕ್ಕದಲ್ಲೇ ನಿಂತು ಮಾಡಿಸ್ದೆ. ಇಸ್ತ್ರಿ ಹಾಕ್ದಂಗಿಲ್ವಾ?"

"ಊರಿನ ಬಟ್ಟೆಗೆಲ್ಲ ಗುಂಡಿ ಹಾಕ್ತೀಯ, ನಿನ್ನ ಬಾಯಿಗೊಂದು ಹಾಕ್ಕೋಬಾರ್ದಾ!"

ಕ್ಷೌರಿಕ ಆ ತಲೆಗೆ ನೀರು ಸುರಿದು ನೋಡಿದ. ಕೂದಲು ಇನ್ನಷ್ಟು ನೇರವಾಯಿತು.

"ಒಂದು ತಲೆ ತಾನೆ, ತರ್ತೀನಿ ಇರು," ಎಂದು ದರ್ಜಿ ಬೀದಿಗೆ ಓಡಿ, ಟೋಪಿ ಹಾಕಿದ್ದ ಯಾರನ್ನೋ ಎಳೆತಂದ. ಟೋಪಿ ತೆಗೆದರೆ ನುಣ್ಣನೆಯ ಬೋಳು.

"ಕಿವಿ ಮೇಲೆ ನೋಡಯ್ಯ, ಗುಂಗುರೇ!"

ಕ್ಷೌರಿಕ ಕುರ್ಚಿಯ ಬೆನ್ನಿಗೆ ಒರಗಿದ. "ಹಲ್ಲಿದ್ದಾಗ ಕಡಲೆ ಇಲ್ಲ ಅನ್ನೋದು ಇದಕ್ಕೇ. ಅಂಗಡಿ ಮುಚ್ತೀನಿ ತಾಯಿ," ಎಂದ ಅಂಕ ಹಾಕಲು ಬಂದಿದ್ದ ಪರೀಕ್ಷೆಯ ಮೇಡಂಗೆ.

ಮೇಡಂಗೆ ಕನಿಕರ ಹುಟ್ಟಿತು. ತುರುಬಿನ ಪಿನ್ನು ಕಿತ್ತರು. ಕಟ್ಟು ಬಿಚ್ಚಿದ ಹುಲ್ಲಿನ ಹೊರೆಯಂತೆ ಗುಂಗುರು ಕೂದಲು ಭುಜದ ತುಂಬ ಹರಡಿತು. "ನಂದೇ ಇದೆ. ಶುರು ಮಾಡಿ," ಎಂದು ಕುರ್ಚಿಯಲ್ಲಿ ಕೂತರು.

ಕ್ಷೌರಿಕ ಮೊಣಕಾಲು ಮರೆತ. ಒದ್ದೆ ಮಾಡಿ, ಎಳೆ ಎಳೆಯಾಗಿ ತುದಿಯಿಂದ ಬಿಡಿಸಿದ. ಒಂದು ಸಲವೂ "ಆಯ್" ಎನ್ನಿಸಲಿಲ್ಲ. ಕೊನೆಗೆ ಒಂದೊಂದು ಸುರುಳಿಯೂ ಹಾಲು ಕುಡಿದ ಮಗುವಿನಂತೆ ತೆಪ್ಪಗೆ ಕೂತಿತು.

"ಮುಗೀತು ತಾಯಿ."

ದರ್ಜಿ ಕೆಮ್ಮಿದ ಮೇಲೆ ಮೇಡಂ ಬೆಚ್ಚಿ ಕಣ್ಣು ಬಿಟ್ಟು, ಕನ್ನಡಿಯಲ್ಲಿ ಸುರುಳಿಗಳನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. "ಹುಟ್ಟಿದಾಗಿಂದ ಈ ತಲೆಗೆ ನೋವಾಗದಂಗೆ ಬಾಚಿದೋರು ನೀವೊಬ್ರೇ. ಹಾಯಾಗಿ ನಿದ್ದೆ ಬಂದ್ಬಿಡ್ತು!"

"ಹಾಗಾದ್ರೆ ಪಾಸಾ?"

ಮೇಡಂ ಮುಖ ಸಣ್ಣದಾಯಿತು. "ಕಣ್ಣಾರೆ ನೋಡ್ದೆ ಅಂಕ ಕೊಡೋ ಹಾಗಿಲ್ಲ. ನಾನು ನೋಡೇ ಇಲ್ವಲ್ಲ! ಮುಂದಿನ ತಿಂಗಳು ಇನ್ನೊಂದು ಪರೀಕ್ಷೆ ಇದೆ. ಅಲ್ಲೀವರೆಗೆ ಅಂಗಡಿ ಮಾತ್ರ ತೆಗೀಬೇಡಿ."

ಕ್ಷೌರಿಕ ಮೆಲ್ಲಗೆ ಬಾಚಣಿಗೆ ಒರೆಸಿಕೊಂಡ. ಮೇಡಂ ಸಮಾಧಾನ ಹೇಳಿದರು: "ತಲೆ ಹುಡುಕೋ ಕಷ್ಟ ತಗೋಬೇಡಿ. ಆವತ್ತೂ ನಾನೇ ಕೂತ್ಕೋತೀನಿ."